ಅಮ್ಮಂಗೆ ಸಾರಿ ಕೇಳೋದು ಹೇಗೆ? ಊಟಕ್ಕೆ ಕೂರೋಕೆ ಮುಂಚೆ ಓದ್ಬೇಕಾದ ಸಮಗ್ರ ಮಾರ್ಗದರ್ಶಿ

ನಮ್ ಮನೆಗಳಲ್ಲಿ ಅಮ್ಮನ ಜೊತೆ ಜಗಳ ಆದ್ರೆ ಅದು ಹೆಂಗೆ ಮುಗಿಯುತ್ತೆ ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ. ಯಾರೂ ಸಾರಿ ಕೇಳಲ್ಲ. ಬೆಳಗ್ಗೆ ಕೂಗಾಡಿರ್ತೀವಿ, ಮಧ್ಯಾಹ್ನ ರೂಮಿನ ಬಾಗಿಲು ಹಾಕ್ಕೊಂಡು ಮಲಗಿರ್ತೀವಿ, ರಾತ್ರಿ ಎಂಟೂವರೆಗೆ ಅಡುಗೆಮನೆಯಿಂದ "ಸಾರು ಬಿಸಿ ಮಾಡಿದೀನಿ, ತಿನ್ನೋರು ಬಂದು ತಿನ್ಲಿ" ಅಂತ ಗೋಡೆಗೆ ಹೇಳ್ದಂಗೆ ಒಂದು ಮಾತು ಬರುತ್ತೆ, ನಾವು ಹೋಗಿ ತಟ್ಟೆ ಮುಂದೆ ಕೂತ್ಕೋತೀವಿ, ಅವಳು ತುಪ್ಪ ಹಾಕ್ತಾಳೆ, ಅಲ್ಲಿಗೆ ಕೇಸ್ ಕ್ಲೋಸ್.

ಆದ್ರೆ ಕ್ಲೋಸ್ ಆಗಿರೋದು ನಮ್ ಕಡೆಯಿಂದ ಮಾತ್ರ. ನಾವು ಕೇಳೋಕೆ ಮುಂಚೆನೇ ಅಮ್ಮ ಕ್ಷಮಿಸಿಬಿಡ್ತಾಳೆ ನೋಡಿ, ಅದೇ ಇಲ್ಲಿ ದೊಡ್ಡ ಪ್ರಾಬ್ಲಮ್ಮು, ಕೇಳೋ ಅವಕಾಶನೇ ಹೋಗ್ಬಿಡುತ್ತೆ, ನಾವ್ ಅಂದಿದ್ದ ಮಾತು ಮಾತ್ರ ಅವಳ ಹತ್ರನೇ ಉಳ್ಕೊಳ್ಳುತ್ತೆ.

ನನ್ ಕಥೆ ಹೇಳ್ತೀನಿ. ಅಮ್ಮ ತಿಪಟೂರಲ್ಲಿ, ನಾನು ಬೆಂಗಳೂರಲ್ಲಿ. ಒಂದಿನ ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗ್‌ನಲ್ಲಿದ್ದಾಗ ಅಮ್ಮನ ಫೋನು, ಕಟ್ ಮಾಡ್ದೆ, ಮತ್ತೆ ಫೋನು, ಕಟ್ ಮಾಡ್ದೆ, ಮೂರನೇ ಸಲ ಏನೋ ಎಮರ್ಜೆನ್ಸಿ ಇರ್ಬೇಕು ಅಂತ ತೆಗೆದ್ರೆ ಕರೆಂಟ್ ಬಿಲ್ಲು. ಮೊಬೈಲಲ್ಲಿ ಕಟ್ಟೋಕೆ ಹೋಗಿ ಎಲ್ಲೋ ಮಧ್ಯದಲ್ಲಿ ಸಿಕ್ಕಾಕ್ಕೊಂಡಿದ್ಲು. ನಾನು "ಎಷ್ಟ್ ಸಲ ಹೇಳ್ಕೊಡೋದಮ್ಮ ನಿಂಗೆ, ತಲೆಗೆ ಹೋಗಲ್ವಾ" ಅಂದೆ. ಆ ಕಡೆ ಒಂದ್ ಸೆಕೆಂಡ್ ಏನೂ ಇಲ್ಲ, ಆಮೇಲೆ "ಸರಿ ಸರಿ, ಕೆಲ್ಸ ನೋಡ್ಕೋ" ಅಂತ ಇಟ್ಬಿಟ್ಲು.

ಹದಿನೈದು ದಿನ ಬಿಟ್ಟು ಊರಿಗೆ ಹೋದೆ. ಎಲ್ಲ ಮಾಮೂಲಿ, ಬಸ್ಸಾರು ಮುದ್ದೆ, ಪಕ್ಕದ್ಮನೆ ಸುದ್ದಿ, ಈ ಸಲ ಕೊಬ್ಬರಿ ರೇಟು. ನನಗೆ ಆ ಫೋನ್ ವಿಷ್ಯ ಮರ್ತೇ ಹೋಗಿತ್ತು. ಗ್ಯಾಸ್ ಪುಸ್ತಕ ಹುಡುಕೋಕೆ ಟೀವಿ ಕೆಳಗಿನ ಡ್ರಾಯರ್ ಎಳೆದ್ರೆ ಒಂದು ಹಳೇ ಡೈರಿ, ಅದರಲ್ಲಿ ಅಮ್ಮನ ದುಂಡು ಅಕ್ಷರದಲ್ಲಿ "1. ನೇರಳೆ ಬಣ್ಣದ್ದು ಒತ್ತಬೇಕು. 2. ಬಲ್ಬಿನ ಚಿತ್ರ. 3. ಬಿಲ್ಲಿನಲ್ಲಿರುವ ಅಕೌಂಟ್ ನಂಬರು ನೋಡಿ ನೋಡಿ ಹಾಕಬೇಕು." ಹಿಂಗೇ ಒಂಬತ್ತು ಸಾಲು, ಪಕ್ಕದ್ಮನೆ ಹುಡುಗನ್ನ ಕೇಳಿ ಕೇಳಿ ಬರ್ಕೊಂಡಿದ್ದು. ಕೆಳಗಡೆ ಎರಡು ಗೆರೆ ಎಳೆದು ಇನ್ನೊಂದು ಸಾಲು. "ಬೆಳಗ್ಗೆ 11 ಗಂಟೆಗೆ ಫೋನ್ ಮಾಡಬಾರದು."

ಮುದ್ದೆ ಅಗಿಯೋದಲ್ಲ, ನುಂಗೋದು. ಆದ್ರೂ ಅವತ್ತು ರಾತ್ರಿ ಇಳೀಲಿಲ್ಲ.

ಸಾರಿ ಕೇಳೋಕೆ ಅದಾದ್ಮೇಲೆ ಎರಡು ಸಲ ಟ್ರೈ ಮಾಡಿ ಎರಡು ಸಲನೂ ಕೆಡಿಸ್ದೆ, ಮೂರನೇ ಸಲ ಸರಿಯಾಯ್ತು. ಕೆಳಗಿರೋದೆಲ್ಲ ಆ ಅನುಭವದ್ದು, ಒಂದಿಷ್ಟು ಓದಿದ್ದು, ಒಂದಿಷ್ಟು ಫ್ರೆಂಡ್ಸ್ ಮನೆಗಳಲ್ಲಿ ನೋಡಿದ್ದು.

ಸ್ಟೆಪ್ 1: ಜಗಳದ ವಿಷ್ಯ ಬಿಡಿ, ಚುಚ್ಚಿದ ಮಾತು ಯಾವ್ದು ಅಂತ ಹುಡುಕಿ

ಇದು ಅತಿ ಮುಖ್ಯ, ಇದನ್ನ ಎಲ್ಲರೂ ಸ್ಕಿಪ್ ಮಾಡ್ತಾರೆ. ಜಗಳ ಆಗಿದ್ದು ಕರೆಂಟ್ ಬಿಲ್ಲಿಗೆ, ಆದ್ರೆ ಅಮ್ಮಂಗೆ ನೋವಾಗಿದ್ದು ಬಿಲ್ಲಿಂದ ಅಲ್ಲ, "ತಲೆಗೆ ಹೋಗಲ್ವಾ" ಅನ್ನೋ ಎರಡು ಪದದಿಂದ. ನಾನು ಮೊದಲನೇ ಸಲ ಸಾರಿ ಕೇಳ್ದಾಗ "ಅವತ್ತು ಬಿಲ್ ಕಟ್ಕೊಡೋಕೆ ಆಗ್ಲಿಲ್ಲ, ಸಾರಿ ಅಮ್ಮ" ಅಂದೆ. ಅವಳು "ಅಯ್ಯೋ ಅದೇನ್ ಬಿಡು, ಆ ಹುಡುಗ ಕಟ್ಕೊಟ್ಟ" ಅಂದ್ಲು. ತಪ್ಪು ಅಡ್ರೆಸ್ಸಿಗೆ ಪಾರ್ಸೆಲ್ ಕಳ್ಸಿದಂಗಾಯ್ತು.

ಹಂಗಾಗಿ ಆ ದಿನ ಏನೇನ್ ಮಾತಾಯ್ತು ಅಂತ ಸಾಧ್ಯವಾದಷ್ಟು ಪದಕ್ಕೆ ಪದ ನೆನಪು ಮಾಡ್ಕೊಳ್ಳಿ, ಬೇಕಿದ್ರೆ ಬರ್ಕೊಳ್ಳಿ, ಬರೆಯೋವಾಗ ನಾಚಿಕೆ ಆಗುತ್ತೆ, ಆಗ್ಲಿ. ಸಾಮಾನ್ಯವಾಗಿ ನಮ್ ಅಮ್ಮಂದಿರಿಗೆ ಚುಚ್ಚೋ ಮಾತುಗಳು ಕೆಲವೇ ಜಾತಿಯವು. ಅವಳಿಗೆ ಏನೂ ಗೊತ್ತಿಲ್ಲ ಅನ್ನೋದು. ನೆಂಟರ ಮುಂದೆ, ಅದ್ರಲ್ಲೂ ಬೀಗರ ಮುಂದೆ, "ಅಮ್ಮಂಗೆ ಅದೆಲ್ಲ ಅರ್ಥ ಆಗಲ್ಲ ಬಿಡಿ" ಅಂತ ನಕ್ಕಿದ್ದು. ಅವಳ ಅಡುಗೆನ ಇನ್ನೊಬ್ರ ಅಡುಗೆ ಜೊತೆ ಹೋಲಿಸಿದ್ದು. "ನಾನೇನ್ ಹುಟ್ಸು ಅಂತ ಕೇಳಿದ್ನಾ" ಅನ್ನೋ ಎಸ್ಎಸ್ಎಲ್‌ಸಿ ವಯಸ್ಸಿನ ಡೈಲಾಗು. ಮಗು ಹುಟ್ಟಿದ್ಮೇಲೆ ಶುರುವಾಗೋದು ಇನ್ನೊಂದು, "ಮಗೂಗೆ ಸಕ್ಕರೆ ಕೊಡ್ಬೇಡ ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ", ಮೂರು ಮಕ್ಕಳನ್ನ ಸಾಕಿದೋಳಿಗೆ ಯೂಟ್ಯೂಬ್ ನೋಡಿ ಪಾಠ ಹೇಳೋದು. ಸಕ್ಕರೆ ವಿಷ್ಯದಲ್ಲಿ ನೀವೇ ಸರಿ ಇರ್ಬಹುದು, ಈಗ ಅದಲ್ಲ ಮಾತು.

ಅವಳಿಗೆ ನಿಜ್ವಾಗ್ಲೂ ಬೇಜಾರಾಗಿದ್ಯಾ ಅನ್ನೋ ಡೌಟ್ ಇದ್ರೆ ಲಕ್ಷಣ ನೋಡಿ. "ಏನಿಲ್ಲಪ್ಪ" ಅನ್ನೋದ್ರಲ್ಲಿ ಆ "ಪ್ಪ" ಜಾಸ್ತಿ ಎಳೀತಾಳೆ. ನಿನ್ನೆವರೆಗೂ "ನೀನು" ಆಗಿದ್ದೋರು ಇದ್ದಕ್ಕಿದ್ದಂಗೆ ಬಹುವಚನ ಆಗ್ತೀವಿ, "ನೀವೆಲ್ಲ ಓದ್ದೋರು, ನಿಮಗ್ ಗೊತ್ತಿರುತ್ತೆ", ಒಬ್ಬನೇ ಕೂತಿದ್ರೂ ನೀವೆಲ್ಲ. ಪಾತ್ರೆ ಸದ್ದು ಮಾಡೋದು ಅಷ್ಟು ಸೀರಿಯಸ್ ಅಲ್ಲ, ಅದು ಕೋಪ, ಇಳಿದು ಹೋಗುತ್ತೆ. ಸದ್ದೇ ಇಲ್ಲದೆ ಮಧ್ಯಾಹ್ನ ಮೂರಕ್ಕೆ ಬೀರು ಖಾಲಿ ಮಾಡಿ ಸೀರೆಗಳನ್ನ ಮತ್ತೆ ಮಡಚ್ತಾ ಕೂತಿದ್ರೆ ಅದು ನೋವು. ದೂರದಲ್ಲಿದ್ರೆ ಫೋನ್ ಸಾಕು, ಹದಿನೈದು ನಿಮಿಷದ ಕಾಲ್ ಎರಡು ನಿಮಿಷಕ್ಕೆ ಇಳಿದಿದ್ರೆ, ಅವಳಾಗೇ ಏನೂ ಕೇಳ್ತಿಲ್ಲ ಅಂದ್ರೆ, ಹೇಳೋಕೆ ಬೇರೆ ಏನ್ ಬೇಕು.

ಹಾಂ, ಎಲ್ಲದಕ್ಕೂ ಈ ಗೈಡ್ ಬೇಡ. ಟವೆಲ್ ಹಾಸಿಗೆ ಮೇಲೆ ಹಾಕಿದ್ದು, ತರಕಾರಿ ಮರ್ತಿದ್ದು, ಇದಕ್ಕೆಲ್ಲ "ಸಾರಿ ಕಣಮ್ಮ" ಸಾಕು, ಅದಕ್ಕೂ ಪೀಠಿಕೆ ಹಾಕಿದ್ರೆ "ಏನಾಯ್ತೋ ನಿಂಗೆ, ಹುಷಾರಾಗಿದೀಯಾ" ಅಂತಾಳೆ.

ಸ್ಟೆಪ್ 2: ಟೈಮ್

ಕೋಪದ ಬಿಸಿಯಲ್ಲೇ "ಆಯ್ತು ಸಾರಿ ಸಾರಿ ಸಾರಿ" ಅನ್ನೋದು ಕ್ಷಮೆ ಅಲ್ಲ, ಅವಳನ್ನ ಸುಮ್ನೆ ಮಾಡೋ ಟೆಕ್ನಿಕ್ಕು. ಸಿಂಥಿಯಾ ಫ್ರಾಂಟ್ಜ್ ಮತ್ತೆ ಕರ್ಟ್ನಿ ಬೆನಿಗ್ಸನ್ ಅನ್ನೋ ಇಬ್ರು ಮನಶ್ಶಾಸ್ತ್ರದೋರು 2005ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು, ಜಗಳದಲ್ಲಿ ತಕ್ಷಣ ಕೇಳಿದ ಕ್ಷಮೆಗಿಂತ ಸ್ವಲ್ಪ ತಡವಾಗಿ ಕೇಳಿದ್ದೇ ಹೆಚ್ಚು ಕೆಲ್ಸ ಮಾಡುತ್ತೆ ಅಂತ ಬಂತು, ಕಾರಣ ಏನಂದ್ರೆ ಅಷ್ಟರೊಳಗೆ ನೊಂದೋರು ತಮ್ಮ ಮಾತು ಹೇಳ್ಕೊಂಡಿರ್ತಾರೆ, ಇವನಿಗೆ ಅರ್ಥ ಆಗಿದೆ ಅಂತ ಅವರಿಗೆ ಅನ್ನಿಸಿರುತ್ತೆ. ತಡ ಅಂದ್ರೆ ಒಂದು ರಾತ್ರಿ, ಎರಡು ದಿನ. ಮುಂದಿನ ಯುಗಾದಿ ಅಲ್ಲ.

ಇನ್ನು ದಿನದಲ್ಲಿ ಯಾವಾಗ. ಬೆಳಗ್ಗೆ ಬೇಡ್ವೇ ಬೇಡ, ಒಂದ್ಕಡೆ ಕುಕ್ಕರ್ ವಿಷಲ್ಲು, ಇನ್ನೊಂದ್ಕಡೆ ಹಾಲು ಉಕ್ಕುತ್ತೆ. ಸೀರಿಯಲ್ ಟೈಮಲ್ಲಿ ಹೋಗಿ ಕೂತ್ರೆ ಅವಳ ಅರ್ಧ ಕಣ್ಣು ಅಲ್ಲೇ ಇರುತ್ತೆ, ಅದು ತಪ್ಪಲ್ಲ. ಅಪ್ಪ ಇರೋವಾಗ ಬೇಡ, ಅಪ್ಪಂದಿರು ಮಧ್ಯೆ ಬಾಯಿ ಹಾಕಿ "ಆಯ್ತು ಬಿಡೇ, ಹುಡುಗ ಕೇಳ್ತಾ ಇದಾನಲ್ಲ" ಅಂತ ತೀರ್ಪು ಕೊಟ್ಬಿಡ್ತಾರೆ, ಎಲ್ಲ ಹಾಳಾಗುತ್ತೆ.

ನನ್ ಪ್ರಕಾರ ಬೆಸ್ಟ್ ಟೈಮ್ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಪಾತ್ರೆ ತೊಳೆದಾಗಿರುತ್ತೆ, ಕಾಫಿಗೆ ಇನ್ನೂ ಹೊತ್ತಿರುತ್ತೆ, ಅಮ್ಮ ಅವರೆಕಾಯಿ ಬಿಡಿಸ್ತಾನೋ ಹೂವು ಕಟ್ತಾನೋ ಅಕ್ಕಿ ಆರಿಸ್ತಾನೋ ಕೂತಿರ್ತಾಳೆ. ಕೈಗೆ ಕೆಲ್ಸ ಇರುತ್ತೆ, ಕಣ್ಣು ಕೆಳಗಿರುತ್ತೆ. ಎದುರು ಬದರು ಕೂತು ಕಣ್ಣಲ್ಲಿ ಕಣ್ಣಿಟ್ಟು ಸಾರಿ ಕೇಳೋದು ಸಿನಿಮಾದಲ್ಲಿ ಸರಿ, ನಮ್ ಮನೆಗಳಲ್ಲಿ ಇಬ್ರಿಗೂ ಮುಜುಗರ. ಪಕ್ಕದಲ್ಲಿ ಕೂತು ನೀವೂ ನಾಲ್ಕು ಅವರೆಕಾಯಿ ಕೈಗೆ ತಗೊಳ್ಳಿ. ಬಾಯಿಂದ ಮಾತು ಹೊರಡೋವರೆಗೂ ಬೆರಳಿಗೆ ಏನೋ ಒಂದು ಕೆಲ್ಸ ಇದ್ರೆ ಧೈರ್ಯ ಬರುತ್ತೆ, ಇದು ಸತ್ಯ.

ಹಬ್ಬ ಒಳ್ಳೇ ನೆಪ. ಉತ್ತರ ಕರ್ನಾಟಕದ ಕಡೆ ವಿಜಯದಶಮಿ ದಿನ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತಾರಲ್ಲ, ವರ್ಷದ ಮುನಿಸೆಲ್ಲ ಅವತ್ತು ಮುಗೀತು ಅಂತ ಲೆಕ್ಕ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರೋದೂ ಅದೇ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ. ಮಾತು ಶುರು ಮಾಡೋಕೆ ಹಬ್ಬ ಇರ್ಲಿ, ಆದ್ರೆ ಎಳ್ಳು ಬೆಲ್ಲ ಕೊಟ್ಟೆ ಅಂದ್ರೆ ಸಾರಿ ಕೇಳ್ದಂಗಾಯ್ತು ಅಂತ ನೀವೇ ಅಂದ್ಕೊಂಡ್ರೆ ಮತ್ತೆ ಅದೇ ತುಪ್ಪದ ಕಥೆ.

ಸ್ಟೆಪ್ 3: ವಾಕ್ಯ ಕಟ್ಟೋದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕಂದ್ರೆ ನಾನು ಎರಡನೇ ಸಲ ಕೆಡಿಸಿದ್ದು ಇಲ್ಲೇ.

ಮೊದಲು "ಕ್ಷಮಿಸು" ಅನ್ನೋ ಪದ. ಬರೆಯೋಕೆ ಚೆನ್ನಾಗಿದೆ, ಬಾಯಲ್ಲಿ ಬಂದ್ರೆ ಹಳೇ ಟೀವಿಯ "ಅಡಚಣೆಗಾಗಿ ಕ್ಷಮಿಸಿ" ನೆನಪಾಗುತ್ತೆ. ದಿನಾ ಮನೇಲಿ ಆಡದೇ ಇರೋ ಪದನ ಸಾರಿ ಕೇಳೋ ದಿನ ಹೊಸದಾಗಿ ತರ್ಬೇಡಿ. "ಸಾರಿ" ಪರ್ವಾಗಿಲ್ಲ, ಈಗ ಅದೂ ನಮ್ದೇ, ಆದ್ರೆ ಕಾಲು ತಗುಲಿದ್ರೂ ಸಾರಿ, ರಾಂಗ್ ನಂಬರಿಗೂ ಸಾರಿ, ಆಟೋದೋನಿಗೂ ಸಾರಿ ಅಂದು ಅಂದು ಅದರ ತೂಕ ಇಳಿದೋಗಿದೆ, ಒಂದೇ ಬಿಟ್ರೆ ನಿಲ್ಲಲ್ಲ.

"ತಪ್ಪಾಯ್ತು" ಅನ್ನೋದು ನಮ್ಮ ಪಕ್ಕಾ ಪದ. ಹಿರಿಯರು ಕೈ ಜೋಡಿಸಿ "ತಪ್ಪಾಯ್ತಪ್ಪ" ಅಂದ್ರೆ ಅದರ ಭಾರನೇ ಬೇರೆ. ಆದ್ರೂ ನಮ್ಮಂಥೋರ ಬಾಯಲ್ಲಿ ಅದನ್ನ ಸ್ವಲ್ಪ ಗಮನಿಸಿ. ಮಳೆ ಆಯ್ತು, ಲೇಟ್ ಆಯ್ತು, ತಪ್ಪಾಯ್ತು. ಮಾಡಿದ್ಯಾರು? ಯಾರೂ ಇಲ್ಲ, ತಾನಾಗೇ ಆಯ್ತು. "ಕೋಪದಲ್ಲಿ ಏನೋ ಬಾಯಿಗ್ ಬಂದ್ಬಿಡ್ತು" ಅನ್ನೋದೂ ಇದೇ ಕೇಸು, ಮಾತು ತಾನೇ ಬಸ್ ಹತ್ಕೊಂಡು ಬಂತೇನೋ ಅನ್ನೋ ಥರ. ಬದ್ಲು "ನಾನು ಹಂಗಂದೆ", "ನಾನು ತಪ್ಪು ಮಾಡ್ದೆ" ಅನ್ನಿ. ಆ "ನಾನು" ಬಿಡ್ಬೇಡಿ, ನಮ್ ಆಡು ಮಾತಲ್ಲಿ ನಾನು ಮಾಡಿದ್ರೂ "ಮಾಡ್ದೆ", ನೀನು ಮಾಡಿದ್ರೂ "ಮಾಡ್ದೆ", ನಾನು ಬಿಟ್ಟು ಬರೀ "ತಪ್ಪು ಮಾಡ್ದೆ ಅಮ್ಮ" ಅಂದ್ರೆ "ನಾನೇನೋ ತಪ್ಪು ಮಾಡ್ದೆ?" ಅಂತ ಅವಳು ತಿರುಗಿಸಿ ಕೇಳೋ ಚಾನ್ಸ್ ಇದೆ.

ಆಮೇಲೆ "ಇದ್ರೆ". "ನಿಂಗೆ ಬೇಜಾರಾಗಿದ್ರೆ ಸಾರಿ." ಅಂದ್ರೆ ಆಗಿಲ್ಲ ಅಂದ್ರೆ ಸಾರಿ ವಾಪಸ್ಸು. ಬೇಜಾರಾಗಿದೆ, ನಿಮಗೂ ಗೊತ್ತು, ಅದಕ್ಕೇ ಇದನ್ನ ಓದ್ತಾ ಇದೀರ.

"ಆದ್ರೆ" ಬಗ್ಗೆ ಎಲ್ಲರೂ ಹೇಳ್ತಾರೆ, ಅದಕ್ಕಿಂತ ಡೇಂಜರ್ ಒಂದಿದೆ, ನಮ್ ಭಾಷೆಯ "ಊ". "ನೀನೂ ಮೂರ್ ಸಲ ಫೋನ್ ಮಾಡಿದ್ದೆ." ನಾನು ಎರಡನೇ ಸಲ ಹೇಳಿದ್ದು ಪೂರ್ತಿ ಸಾಲು ಹಿಂಗಿತ್ತು, "ಅವತ್ತು ಹಂಗೆ ರೇಗ್ಬಾರ್ದಿತ್ತು ಅಮ್ಮ, ಮೀಟಿಂಗ್ ಟೆನ್ಶನ್, ನೀನೂ ಬಿಡದಂಗೆ ಫೋನ್ ಮಾಡ್ತಿದ್ದೆ." ಅವಳು ಹೂವು ಕಟ್ತಿದ್ದೋಳು ತಲೆ ಎತ್ತದೇ "ಹೂಂ, ನಂದೇ ತಪ್ಪು" ಅಂದ್ಲು. ಒಂದು ದೀರ್ಘ ಸಾಕು, ಮುಕ್ಕಾಲು ಗಂಟೆ ತಯಾರಿ ನೀರಲ್ಲಿ ಹೋಮ. ಸಾರಿ ಕೇಳೋ ಐದು ನಿಮಿಷ "ನೀನೂ" ಬೇಡ, "ನೀನೇ" ಬೇಡ, "ನೀನಾದ್ರೂ" ಅಂತೂ ಬೇಡವೇ ಬೇಡ.

ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ರಾಯ್ ಲೆವಿಕಿ ಮತ್ತೆ ಜೊತೆಯೋರು 2016ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, 755 ಜನರನ್ನ ಇಟ್ಕೊಂಡು, ಕ್ಷಮೆಯ ಆರು ಭಾಗಗಳಲ್ಲಿ ಯಾವ್ದು ಜಾಸ್ತಿ ಕೆಲ್ಸ ಮಾಡುತ್ತೆ ಅಂತ. ಮೊದಲನೇ ಜಾಗ ಬಂದಿದ್ದು ತಪ್ಪು ನಂದು ಅಂತ ಒಪ್ಕೊಳ್ಳೋದಕ್ಕೆ, ಎರಡನೇದು ಸರಿ ಮಾಡ್ತೀನಿ ಅನ್ನೋದಕ್ಕೆ, ವಿಷಾದ ವಿವರಣೆ ಎಲ್ಲ ಮಧ್ಯದಲ್ಲಿ, ಎಲ್ಲಕ್ಕಿಂತ ಕೊನೆಗೆ "ದಯವಿಟ್ಟು ಕ್ಷಮಿಸಿ" ಅಂತ ಕೇಳ್ಕೊಳ್ಳೋದು. ಅದು ಕೆಲ್ಸದ ಇಂಟರ್‌ವ್ಯೂಗೆ ಬಂದಿರೋ ಅಕೌಂಟೆಂಟ್ ಒಬ್ಬ ಹಿಂದೆ ಕ್ಲೈಂಟಿನ ಟ್ಯಾಕ್ಸ್ ರಿಟರ್ನ್ ತಪ್ಪು ಫೈಲ್ ಮಾಡಿದ್ದ ಅನ್ನೋ ಸನ್ನಿವೇಶ, ಅಮ್ಮಂದಿರ ಮೇಲೆ ಮಾಡಿದ್ದಲ್ಲ, ಅದು ನೆನಪಿರ್ಲಿ. ಆದ್ರೆ ಕೊನೇ ಪಾಯಿಂಟ್ ನಮಗೆ ಇನ್ನೂ ಸರಿ ಹೊಂದುತ್ತೆ, ಯಾಕಂದ್ರೆ "ನನ್ನ ಕ್ಷಮಿಸಿದ್ಯಾ ಅಮ್ಮ" ಅಂತ ಕೇಳಿದ್ರೆ ಅವಳು ಹೂಂ ಅನ್ನದೇ ಬೇರೆ ದಾರಿನೇ ಇಲ್ಲ. ಕೆಟ್ಟ ಮಕ್ಳು ಇರ್ಬಹುದು ಕೆಟ್ಟ ತಾಯಿ ಇರಲ್ಲ ಅಂತ ಊರೆಲ್ಲ ಅವಳ ತಲೆ ಮೇಲೆ ಹೊರಿಸಿದೆ. ಹಂಗಾಗಿ ಕ್ಷಮಿಸು ಅಂತ ಕೇಳ್ಬೇಡಿ, ಏನ್ ಮಾಡಿದ್ರಿ ಅಂತ ಹೇಳಿ, ಅಷ್ಟೇ.

ನಾನು ಮೂರನೇ ಸಲ ಹೇಳಿದ್ದು ಇದು, ಹಿಂದಿನ ರಾತ್ರಿ ಮೊಬೈಲಲ್ಲಿ ಟೈಪ್ ಮಾಡಿ ಬಾಯಿಪಾಠ ಮಾಡ್ಕೊಂಡಿದ್ದೆ, ನಾಚಿಕೆ ಏನಿಲ್ಲ ಅದರಲ್ಲಿ:

"ಅಮ್ಮ, ಅವತ್ತು ಬಿಲ್ ಕಟ್ಟೋಕೆ ಅಂತ ಫೋನ್ ಮಾಡ್ದಾಗ ನಾನು ನಿಂಗೆ ತಲೆಗೆ ಹೋಗಲ್ವಾ ಅಂದೆ. ಹಂಗನ್ಬಾರ್ದಿತ್ತು. ದುಡ್ಡು ಎಲ್ಲೋ ಹೋಗ್ಬಿಡುತ್ತೇನೋ ಅಂತ ಹೆದರ್ಕೊಂಡು ನನ್ನ ಕೇಳ್ದೆ ನೀನು, ನಾನು ಬೈದೆ. ಆಮೇಲೆ ನೀನು ನನ್ನ ಏನೂ ಕೇಳೋದೇ ಬಿಟ್ಬಿಟ್ಟೆ, ಅದು ನನ್ನಿಂದ ಆಗಿದ್ದು."

ಆ ಮಾತನ್ನ ಮತ್ತೆ ಬಾಯ್ಬಿಟ್ಟು ಹೇಳ್ಬೇಕಾ ಅಂತ ಕೇಳ್ತೀರ. ಹೂಂ, ಹೇಳ್ಬೇಕು. "ಅವತ್ತು ಏನೋ ಅಂದೆ" ಅಂದ್ರೆ ಅವಳು ತಕ್ಷಣ "ಏನಂದೆ, ಏನೂ ಅಂದಿಲ್ವಲ್ಲ" ಅಂತ ನಿಮ್ಮನ್ನ ಪಾರು ಮಾಡ್ತಾಳೆ. ಮಾತನ್ನ ಇದ್ದಂಗೇ ಹೇಳಿದ್ರೆ ಪಾರು ಮಾಡೋಕೆ ಅವಳಿಗೂ ಆಗಲ್ಲ.

ವಿವರಣೆ, ಮೀಟಿಂಗ್ ಇತ್ತು, ಮ್ಯಾನೇಜರ್ ಬೈದಿದ್ದ, ನಿದ್ದೆ ಇರ್ಲಿಲ್ಲ, ಇದೆಲ್ಲ ಅವಳು ಕೇಳಿದ್ರೆ ಮಾತ್ರ. ಕೇಳೇ ಕೇಳ್ತಾಳೆ, ಅಮ್ಮ ಅಲ್ವಾ, ಆಗ ಹೇಳಿ.

ಸ್ಟೆಪ್ 4: ಎಲ್ಲಿ, ಯಾರ ಮುಂದೆ, ಯಾವ್ದರಲ್ಲಿ

ನಾಲ್ಕು ಜನರ ಮುಂದೆ ಅವಮಾನ ಮಾಡಿದ್ರೆ ನಾಲ್ಕು ಗೋಡೆ ಒಳಗೆ ಮಾತ್ರ ಸಾರಿ ಕೇಳೋದು ಸಾಲಲ್ಲ. ನನ್ ಫ್ರೆಂಡ್ ಒಬ್ಳು ತನ್ನ ಅತ್ತೆ ಮನೆಯೋರ ಮುಂದೆ ಅಮ್ಮನ ಇಂಗ್ಲಿಷ್ ಬಗ್ಗೆ ನಕ್ಕಿದ್ಲು. ಆಮೇಲೆ ಅಮ್ಮಂಗೆ ಒಬ್ಳಿಗೇ ಸಾರಿ ಹೇಳಿದ್ಲು, ಜೊತೆಗೆ ಮುಂದಿನ ಸಲ ಎರಡೂ ಮನೆಯೋರು ಊಟಕ್ಕೆ ಸೇರಿದಾಗ "ಅವತ್ತು ನಾನ್ ಅಮ್ಮನ್ನ ನೋಡಿ ನಕ್ಕಿದ್ದು ನನ್ ಬುದ್ಧಿಗೇಡಿತನ, ನಾನ್ ಓದಿರೋ ಇಂಗ್ಲಿಷಿಗೆ ಫೀಸ್ ಕಟ್ಟಿದ್ದೇ ಅವಳು, ಹಾಲು ಮಾರಿ" ಅಂದ್ಲು. ಒಂದೇ ಸಾಲು, ಭಾಷಣ ಅಲ್ಲ. ಅವರಮ್ಮ "ಹೋಗೇ" ಅಂತ ಒಳಗೆ ಎದ್ದು ಹೋದ್ರಂತೆ, ಸಾರು ತರೋಕೆ. ಸಾರು ಆಗ್ಲೇ ಟೇಬಲ್ ಮೇಲಿತ್ತಂತೆ.

ವಾಟ್ಸಾಪ್ ಸ್ಟೇಟಸ್ ಹಾಕ್ಬೇಡಿ. ಮೇ ತಿಂಗಳ ಎರಡನೇ ಭಾನುವಾರ ಅಮ್ಮಂದಿರ ದಿನ ಅಂತ ಅವಳ ಹಳೇ ಫೋಟೋ ಹಾಕಿ ಕೆಳಗೆ ಕವನ ಬರೆದ್ರೆ ಲೈಕ್ ಬರೋದು ನಿಮ್ಮ ಆಫೀಸಿನೋರಿಂದ. ಮೆಸೇಜೂ ಬೇಡ, ಬೇರೆ ದಾರಿನೇ ಇಲ್ಲ ಅಂದ್ರೆ ವಾಯ್ಸ್ ಮೆಸೇಜ್, ಅದೂ ಫೋನ್ ಮಾಡೋಕೆ ಪೀಠಿಕೆಯಾಗಿ ಮಾತ್ರ. ಮತ್ತೆ ಫೋನ್ ಮಾಡಿದ್ರೆ ಮೊದ್ಲು "ಸ್ಪೀಕರಲ್ಲಿದ್ಯಾ" ಅಂತ ಕೇಳಿ, ಅನುಭವದ ಮಾತು, ನಮ್ ಊರಲ್ಲಿ ಎಲ್ಲ ಫೋನೂ ಸ್ಪೀಕರಲ್ಲೇ ಇರುತ್ತೆ, ಚಿಕ್ಕಮ್ಮ ಕೇಳಿಸ್ಕೊಂಡು ಸಂಜೆಯೊಳಗೆ ಇಡೀ ಬಳಗಕ್ಕೆ ಸುದ್ದಿ.

ಹೊರದೇಶದಲ್ಲಿರೋರಿಗೆ ಟೈಮ್ ಲೆಕ್ಕ ಬೇರೆ. ಅಮ್ಮನ ಮಧ್ಯಾಹ್ನ ಮೂರು ಅಂದ್ರೆ ಬೇಸಿಗೆಯಲ್ಲಿ ನ್ಯೂಯಾರ್ಕಲ್ಲಿ ಬೆಳಗ್ಗೆ ಐದೂವರೆ, ಅಲಾರಂ ಇಟ್ಟು ಎದ್ದೇಳಿ, ಅದೂ ಸಾರಿಯ ಒಂದು ಭಾಗನೇ. ಕ್ಯಾಲಿಫೋರ್ನಿಯಾದಲ್ಲಿ ಅದೇ ಹೊತ್ತು ರಾತ್ರಿ ಎರಡೂವರೆ, ಅದು ಬೇಡ, ನಿಮ್ಮ ರಾತ್ರಿ ಹತ್ತಕ್ಕೆ ಮಾಡಿ, ಅವಳಿಗೆ ಬೆಳಗ್ಗೆ ಹತ್ತೂವರೆ, ತಿಂಡಿ ಮುಗಿದಿರುತ್ತೆ. ವೀಡಿಯೋ ಕಾಲಲ್ಲಿ ಅವಳು ಹಣೆ ಮಾತ್ರ ತೋರಿಸ್ತಾ ಕೂತಿದ್ರೂ ವೀಡಿಯೋನೇ ಇರ್ಲಿ.

ಗಿಫ್ಟ್? ಮೊದ್ಲೇ ಸೀರೆ ತಗೊಂಡು ಹೋದ್ರೆ ಅದು ಲಂಚ. ಅದೂ ಅಲ್ದೆ "ಎಷ್ಟು ಕೊಟ್ಟೆ ಇದಕ್ಕೆ? ಮೋಸ ಹೋಗಿದೀಯ" ಅಂತ ವಿಷ್ಯನೇ ಬದಲಾಗುತ್ತೆ. ಒಂದು ಮೊಳ ಮಲ್ಲಿಗೆ ಹೂವು ಓಕೆ.

ಸ್ಟೆಪ್ 5: ಹೇಳಾದ್ಮೇಲೆ ಬಾಯ್ ಮುಚ್ಕೊಂಡಿರೋದು

ಹೇಳಿದ ಮರುಕ್ಷಣ ಅವಳು ಏನಾದ್ರೂ ಒಂದು ಮಾಡ್ತಾಳೆ. ಹತ್ತರಲ್ಲಿ ಏಳು ಸಲ "ಆಯ್ತು ಬಿಡು, ಅದೆಲ್ಲ ಯಾಕೀಗ, ಕಾಫಿ ಇಡ್ಲಾ?" ಅನ್ನೋದು. ಇದು ಲೆಕ್ಕ ಹಾಕಿದ್ದಲ್ಲ, ಅಂದಾಜು. ಇಲ್ಲೇ ನಾವೆಲ್ಲ ಕಾಫಿ ಅಂತ ಹಾರಿ ಎದ್ದೇಳೋದು. ಏಳ್ಬೇಡಿ. "ಕಾಫಿ ಆಮೇಲೆ, ಕೂತ್ಕೋ" ಅನ್ನಿ, ಸುಮ್ನಿರಿ. ಆ ಸುಮ್ನಿರೋ ಅರ್ಧ ನಿಮಿಷ ಬಹಳ ಉದ್ದ, ಫ್ಯಾನ್ ಸದ್ದು ಕೇಳುತ್ತೆ, ಗಡಿಯಾರ ಕೇಳುತ್ತೆ. ನಮ್ಮಮ್ಮ ಆ ಅರ್ಧ ನಿಮಿಷದಲ್ಲಿ ನಾಲ್ಕು ಅವರೆಕಾಯಿ ಬಿಡಿಸಿದ್ಲು, ಆಮೇಲೆ ಸಿಪ್ಪೆನ ಕಾಳಿನ ಬಟ್ಟಲಿಗೆ, ಕಾಳನ್ನ ಸಿಪ್ಪೆ ಮೊರಕ್ಕೆ ಹಾಕಿ, ಅದನ್ನ ನೋಡಿ, ವಾಪಸ್ ಆರಿಸ್ತಾ ಹೇಳಿದ್ಲು, "ಅವತ್ತು ಆ ಹುಡುಗನ್ನ ಕೇಳೋಕೆ ನಾಚಿಕೆ ಆಯ್ತು ಕಣೋ. ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲ್ಸ, ಅಮ್ಮ ಇಲ್ಲಿ ಊರೋರ ಮಕ್ಳನ್ನ ಕೇಳ್ತಾಳೆ ಅಂತ ಅಂದ್ಕೊಳ್ಳಲ್ವಾ."

ಇದು ನನಗೆ ಗೊತ್ತೇ ಇರ್ಲಿಲ್ಲ. ನಾನು ಬೈದಿದ್ದಕ್ಕೆ ಬೇಜಾರು ಅಂತ ಅಂದ್ಕೊಂಡಿದ್ದೆ, ಅದರ ಕೆಳಗೆ ಇದಿತ್ತು. ನಾನು ಎಷ್ಟೇ ಚೆನ್ನಾಗಿ ವಾಕ್ಯ ಕಟ್ಟಿದ್ರೂ ಈ ಸಾಲು ನನ್ನ ಹತ್ರ ಇರ್ಲಿಲ್ಲ, ಅವಳೇ ಕೊಡ್ಬೇಕಿತ್ತು.

ಇನ್ನು ಕೆಲವು ಅಮ್ಮಂದಿರು ಹಳೇ ಫೈಲ್ ಎಲ್ಲ ತೆಗೀತಾರೆ. ನೀವು ಪಿಯುಸಿಯಲ್ಲಿ ಬಾಗಿಲು ಬಡಿದಿದ್ದು, ತಂಗಿ ಮದ್ವೆಲಿ ಫೋಟೋಗೆ ಕರೀದೇ ಇದ್ದಿದ್ದು, ಆಪರೇಶನ್ ದಿನ ಲೇಟಾಗಿ ಬಂದಿದ್ದು. ತಡೀಬೇಡಿ, "ಅದು ಹಂಗಲ್ಲಮ್ಮ ಆಗಿದ್ದು" ಅಂತ ತಿದ್ದಬೇಡಿ, ಇಸವಿ ತಪ್ಪು ಹೇಳಿದ್ರೂ ಬಿಡಿ. ಹೂಂ ಅನ್ನಿ. ಅತ್ರೆ ಅಳೋಕೆ ಬಿಡಿ, "ಅಳ್ಬೇಡ ಅಳ್ಬೇಡ" ಅಂತ ನಾವು ಹೇಳೋದು ನಮಗೆ ನೋಡೋಕಾಗಲ್ಲ ಅಂತ. ಮತ್ತೆ ನೀವು ಅವಳಿಗಿಂತ ಜೋರಾಗಿ ಅಳೋದಕ್ಕೆ ಹೋಗ್ಬೇಡಿ, ಆಮೇಲೆ ಅವಳೇ ನಿಮ್ಮನ್ನ ಸಮಾಧಾನ ಮಾಡ್ಬೇಕು, ಸೆರಗಲ್ಲಿ ನಿಮ್ಮ ಕಣ್ಣೊರೆಸ್ಬೇಕು, ಡ್ಯೂಟಿ ಮತ್ತೆ ಅವಳದ್ದೇ ಆಯ್ತು.

ಕಾಲಿಗೆ ಬೀಳೋದು ನಿಮ್ ಮನೇಲಿ ರೂಢಿ ಇದ್ರೆ ಸರಿ, ಇಲ್ಲ ಅಂದ್ರೆ ಬೇಡ.

ಸ್ಟೆಪ್ 6: ಸರಿ ಮಾಡೋದು

ಎಲ್ಲಿ ಹರಿದಿದ್ಯೋ ಅಲ್ಲೇ ಹೊಲಿಬೇಕು. ನನ್ ಕೇಸಲ್ಲಿ ಮೊಬೈಲು. ಸೆಟ್ಟಿಂಗ್ಸಿಗೆ ಹೋಗಿ ಫೋನಿನ ಭಾಷೆ ಕನ್ನಡಕ್ಕೆ ಹಾಕ್ದೆ, ಅಕ್ಷರದ ಸೈಜ್ ದೊಡ್ಡದು ಮಾಡ್ದೆ, ಇಷ್ಟು ವರ್ಷ ಇದನ್ನ ಮಾಡ್ದೇ ಇದ್ದಿದ್ದಕ್ಕೆ ನನ್ನ ನಾನೇ ಬೈಕೊಂಡೆ. ಆಮೇಲೆ ಆ ಡೈರಿನೇ ತಗೊಂಡು ಅವಳ ಒಂಬತ್ತು ಸಾಲಿನ ಪಕ್ಕ ಕೂತು ಒಂದ್ಸಲ ಅವಳ ಕೈಯಲ್ಲೇ ಮಾಡ್ಸಿದೆ, ನಾನು ಫೋನ್ ಮುಟ್ಲಿಲ್ಲ. ಇದು ರೂಲು, ಮುಟ್ಬಾರ್ದು, ನಾವು ಕಿತ್ಕೊಂಡು ಟಕಟಕ ಮಾಡಿ "ನೋಡು ಇಷ್ಟೇ" ಅನ್ನೋದೇ ಎಲ್ಲದಕ್ಕೂ ಮೂಲ. ಅವಳ ಹೆದರಿಕೆಗೆ ಎರಡು ಸಾಲು ಜಾಸ್ತಿ ಬರ್ದೆ, ದುಡ್ಡು ಬರೋದಕ್ಕೆ ಪಿನ್ ಹಾಕೋದೇ ಬೇಡ, ಹಾಕು ಅಂತ ಯಾರಾದ್ರೂ ಹೇಳಿದ್ರೆ ಅವನು ಕಳ್ಳ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ತಕ್ಷಣ 1930ಕ್ಕೆ ಫೋನು, ಸೈಬರ್ ವಂಚನೆ ಹೆಲ್ಪ್‌ಲೈನ್. ಕೆಳಗಿನ ಆ ಸಾಲನ್ನ ಹೊಡೆದು ಹಾಕೋಣ ಅಂತ ಪೆನ್ ಎತ್ತಿದೆ, ಅವಳು ಬೇಡ ಅಂದ್ಲು. "ಇರ್ಲಿ ಬಿಡು, ಕೆಲ್ಸದ ಹೊತ್ತು ಕೆಲ್ಸದ ಹೊತ್ತೇ."

ನಿಮ್ದು ಬೇರೆ ಇರುತ್ತೆ. ಅಡುಗೆ ಬಗ್ಗೆ ಅಂದಿದ್ರೆ ಆ ಅಡುಗೆನೇ ಕೇಳಿ ಕಲೀರಿ. ಫೋನೇ ಮಾಡ್ತಿರ್ಲಿಲ್ಲ ಅನ್ನೋದಿದ್ರೆ ದಿನಾ ಮಾಡ್ತೀನಿ ಅಂತ ಭಾಷೆ ಕೊಡ್ಬೇಡಿ, ನಾಲ್ಕು ದಿನಕ್ಕೆ ನಿಲ್ಲುತ್ತೆ, ಬುಧವಾರ ಭಾನುವಾರ ಅಂತ ಹೇಳಿ ಅಷ್ಟನ್ನ ತಪ್ಪಿಸ್ಬೇಡಿ.

ಇದಕ್ಕಿಂತ ದೊಡ್ಡ ಗಾಯಗಳಿಗೆ

ಮದ್ವೆ ವಿಷ್ಯದಲ್ಲೋ ಆಸ್ತಿ ವಿಷ್ಯದಲ್ಲೋ ವರ್ಷಗಟ್ಟಲೆ ಮಾತು ಬಿಟ್ಟಿರೋರಿಗೆ ಸೀದಾ ಬಾಗಿಲು ತಟ್ಟೋಕೆ ಆಗಲ್ಲ. ಅಲ್ಲಿ ಒಬ್ಬ ಸೋದರಮಾವನೋ ಚಿಕ್ಕಮ್ಮನೋ ಬೇಕು, ಆದ್ರೆ ಅವರ ಕೆಲ್ಸ "ಬರ್ತಾ ಇದಾನೆ, ಒಂದ್ನಿಮಿಷ ಕೂತ್ಕೊಂಡು ಕೇಳು" ಅಂತ ಹೇಳೋದು ಮಾತ್ರ, ಸಾರಿ ನೀವೇ ಹೇಳ್ಬೇಕು. ಕಾಗದ ಬರೆಯೋದು ಇಂಥ ಕಡೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಕೈಬರಹದಲ್ಲಿ, ಒಂದು ಪುಟ, ಅವಳು ಅದನ್ನ ಒಬ್ಳೇ ಎಷ್ಟು ಸಲ ಬೇಕಾದ್ರೂ ಓದ್ಕೋಬಹುದು. ಆಸ್ತಿ ಪತ್ರಕ್ಕೆ ಸೈನ್ ಬೇಕಿರೋ ತಿಂಗಳು ಸಾರಿ ಕೇಳೋಕೆ ಹೋಗ್ಬೇಡಿ, ನೀವು ಎಷ್ಟೇ ಮನಸ್ಸಿಂದ ಕೇಳಿದ್ರೂ ಯಾರೂ ನಂಬಲ್ಲ. ಮದ್ವೆ ವಿಷ್ಯದಲ್ಲಿ, ಮದ್ವೆ ಆಗಿದ್ದಕ್ಕೆ ಸಾರಿ ಬೇಡ, ಅದು ತಪ್ಪಲ್ಲ. ಸುಳ್ಳು ಹೇಳಿದ್ದಕ್ಕೆ, ಬೇರೆಯೋರಿಂದ ಅವಳಿಗೆ ಗೊತ್ತಾಗೋ ಹಂಗೆ ಮಾಡಿದ್ದಕ್ಕೆ, ಅದಕ್ಕೆ ಕೇಳಿ.

ಅಮ್ಮನೂ ತಪ್ಪು ಮಾಡಿರ್ತಾಳೆ ಎಷ್ಟೋ ಸಲ. ನಿಮ್ಮ ಪಾಲಿನದ್ದಕ್ಕೆ ಮಾತ್ರ ಸಾರಿ ಕೇಳಿ, ಅವಳದ್ದನ್ನ ಇನ್ನೊಂದು ದಿನ ಬೇರೆಯಾಗಿ ಮಾತಾಡಿ. ಮತ್ತೆ ನಿಮ್ಮನ್ನ ಹೊಡೆದು ಬಡಿದು ಕುಗ್ಗಿಸಿ ಬೆಳೆಸಿರೋ ಮನೆ ಆಗಿದ್ರೆ, ನಿಮ್ದೇನೂ ತಪ್ಪಿಲ್ದೇ ಇದ್ರೂ ಮನೆ ಶಾಂತಿಗೆ ಅಂತ ಯಾರೋ ಕ್ಷಮೆ ಕೇಳು ಅಂತಿದ್ರೆ, ಈ ಗೈಡ್ ನಿಮಗಲ್ಲ.

ಮತ್ತೆ ಅದೇ ತಪ್ಪು ಮಾಡಿದ್ರೆ

ಮಾಡ್ತೀರ. ನಾನೂ ಮಾಡ್ದೆ. ಮೂರು ತಿಂಗಳು ಬಿಟ್ಟು ಒಂದು ಸೋಮವಾರ ಅಮ್ಮ ಫೋನ್ ಮಾಡಿದ್ಲು, ಗ್ಯಾಸ್ ಬುಕಿಂಗ್, ನಾನು ಟ್ರಾಫಿಕ್ಕಲ್ಲಿದ್ದೆ, "ಅಯ್ಯೋ ಅಮ್ಮ, ಬರ್ದು ಕೊಟ್ಟಿದೀನಲ್ಲ ನೋಡ್ಬಾರ್ದಾ" ಅಂತ ಅದೇ ಟೋನಲ್ಲಿ ಬಂತು. ಬಂತು ಅಲ್ಲ, ನಾನು ಅಂದೆ. ಎರಡನೇ ಸಲ ಒಂದು ರಾತ್ರಿ ಕಾಯೋ ರೂಲ್ ಇಲ್ಲ, ಇಲ್ಲಿ ಬೇಗ ಕೇಳೋದೇ ಸರಿ, ಯಾಕಂದ್ರೆ ಅವಳಿಗೆ ವಿಷ್ಯ ಏನು ಅಂತ ಆಗ್ಲೇ ಗೊತ್ತು, ಇವನಿಗೂ ಗೊತ್ತಾಯ್ತಾ ಅಂತ ಮಾತ್ರ ನೋಡ್ತಿರ್ತಾಳೆ. ಗಾಡಿ ಸೈಡಿಗೆ ಹಾಕಿ ವಾಪಸ್ ಫೋನ್ ಮಾಡ್ದೆ. "ಅಮ್ಮ, ಈಗ ನಾನು ಮತ್ತೆ ಹಂಗೇ ರೇಗ್ದೆ ನಿನ್ನ ಮೇಲೆ" ಅಂದೆ.

"ಹೂಂ, ರೇಗ್ದೆ" ಅಂದ್ಲು. ಆಮೇಲೆ, "ಅದಿರ್ಲಿ, ಇಲ್ಲಿ ಓಟಿಪಿ ಅಂತ ಏನೋ ಬಂದಿದೆ, ಸಿಲಿಂಡರ್ ಹುಡುಗಂಗೆ ಹೇಳ್ಬಹುದಾ ಹೇಳ್ಬಾರ್ದಾ?"